ಅರಗಿನ ಮುದ್ರೆಯ ಜಾಕೆಟ್ಟು

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಅನು ಸ್ಯಾಂಪಲ್ ಕೋಣೆಯ ಬೀರು ತೆಗೆದಳು. ಒಳಗೆ ತೂಗುಹಾಕಿದ್ದ ಜಾಕೆಟ್ಟಿನ ಎಡ ಎದೆಯ ಮೇಲೆ ಎಂಟಾಣೆ ಅಗಲದ ಅರಿಶಿನದ ಬೊಟ್ಟು, ಅದರ ನಡುವೆ ಕುಂಕುಮದ ಬೊಟ್ಟು, ಎರಡೂ ಒಣಗಿ ಕೂತಿದ್ದವು. ದೇವರ ಹಣೆಯ ಹಾಗೆ ಲಕ್ಷಣವಾಗಿತ್ತು. ಇಟ್ಟವಳು ಅವಳೇ.

ಬೀರುವಿನ ಬಾಗಿಲು ಹಿಡಿದುಕೊಂಡೇ ಗಡಿಯಾರ ನೋಡಿದಳು. ಸೈನ್ಯದ ತಪಾಸಣೆಯವರು ಬರುವುದು ಹನ್ನೊಂದಕ್ಕೆ.

ಹೆಬ್ಬಾಳದ ಆ ಹೊಲಿಗೆ ಕಾರ್ಖಾನೆಯ ಮೊದಲ ಸಾಲಿನಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಎರಡನೆಯ ಸಾಲಿನ ಮೂವತ್ತೆರಡು ಹೆಂಗಸರು ಹೊಲಿಯುತ್ತಿದ್ದದ್ದು ಸೈನ್ಯದ ಜಾಕೆಟ್ಟು. ಎಲೆ, ಮಣ್ಣು, ನೆರಳು ಮೂರನ್ನೂ ಜಜ್ಜಿ ಚೂರು ಮಾಡಿ ಬಟ್ಟೆಯ ಮೇಲೆ ಚೆಲ್ಲಿದಂಥ ಬಣ್ಣದ್ದು. ಬೀರುವಿನಲ್ಲಿದ್ದದ್ದು ಆ ಜಾಕೆಟ್ಟುಗಳೆಲ್ಲದರ ತಾಯಿ, ಮೇಲಿನಿಂದ ಬಂದ ಮಾದರಿ. ಅದರ ಕೊರಳಿನ ಗುಂಡಿ ತೂರುವ ಕಾಜಾದೊಳಗೆ ದಾರ ಪೋಣಿಸಿ, ದಾರಕ್ಕೊಂದು ಚೀಟಿ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗು ಸುರಿದು ಮುದ್ರೆ ಒತ್ತಿದ್ದರು. ಗಿರಣಿಯಿಂದ ಬರುವ ಪ್ರತಿ ಥಾನು ಬಟ್ಟೆಯನ್ನೂ, ಹೊಲಿದು ಮುಗಿಸಿದ ಪ್ರತಿ ಜಾಕೆಟ್ಟನ್ನೂ ಇದರ ಪಕ್ಕದಲ್ಲಿಟ್ಟು ಬಣ್ಣ ಹೋಲಿಸಬೇಕು. ಹೋಲಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಚೀಟಿಯ ಮೇಲೆ ‘ಜವಾಬ್ದಾರಿ’ ಎಂಬುದರ ಮುಂದೆ ಇದ್ದ ಸಹಿ ಕಟಿಂಗ್ ಮಾಸ್ಟರ್ ಚಿಕ್ಕಬಸವಯ್ಯನವರದು. ಅನು ಕೆಲಸ ಕಲಿಯುತ್ತಿದ್ದದ್ದು ಅವರ ಕೈಕೆಳಗೆ. ಮಾದರಿಗೆ ಏನಾದರೂ ಆದರೆ ತಪ್ಪು ಮಾಡಿದವರ ಹೆಸರನ್ನು ವರದಿಯಲ್ಲಿ ಬರೆಯುತ್ತಾರೆ. ಹಾಗೆ ಹೆಸರು ಬಂದವರು ಮತ್ತೆಂದೂ ಸೈನ್ಯದ ಬಟ್ಟೆ ಮುಟ್ಟುವಂತಿಲ್ಲ. ಮಾಸ್ಟ್ರು ಮೂವತ್ತೆಂಟು ವರ್ಷಗಳಿಂದ ಬೇರೆ ಬಟ್ಟೆಯನ್ನೇ ಮುಟ್ಟಿದವರಲ್ಲ. ಮೊದಲು ಪಲ್ಟನ್ನಿನ ದರ್ಜಿಯಾಗಿ ಹಿಮದ ಊರುಗಳಲ್ಲಿ, ಆಮೇಲೆ ಇಲ್ಲಿ. ಬರುವ ಡಿಸೆಂಬರಿಗೆ ಕೆಲಸ ಬಿಡುವವರಿದ್ದರು.

ಆಯುಧಪೂಜೆಯ ದಿನ ಏನೂ ಕೆಟ್ಟ ಗಳಿಗೆಯ ಹಾಗೆ ಕಾಣಿಸಿರಲಿಲ್ಲ. ಮಿಷಿನ್ನುಗಳನ್ನೆಲ್ಲ ಒರೆಸಿ ಚೆಂಡುಹೂವಿನ ಸರ ಹಾಕಿದ್ದರು, ಗೇಟಿನ ಮುಂದೆ ಬೂದುಗುಂಬಳ ಒಡೆದಿದ್ದರು. ಕತ್ತರಿ, ಇಂಚುಟೇಪು, ಇಸ್ತ್ರಿಪೆಟ್ಟಿಗೆ, ಸೀಮೆಸುಣ್ಣದ ಡಬ್ಬ, ಕಂಡದ್ದಕ್ಕೆಲ್ಲ ಅನು ಬೊಟ್ಟಿಡುತ್ತ ಬಂದಳು. ಅವಳ ಅಜ್ಜಿ ಹೂಟಗಳ್ಳಿಯ ಮನೆಯಲ್ಲಿ ಒನಕೆ, ಮೊರ, ಕುಡುಗೋಲು ಮುಗಿಸಿ ಕೊನೆಗೆ ಮೊಮ್ಮಕ್ಕಳ ಪಾಟಿಗೂ ಇಡುತ್ತಿದ್ದಳು. ಅನ್ನ ಕೊಡುವ ವಸ್ತುವಿಗೆಲ್ಲ ಜೀವವಿದೆ, ವರ್ಷಕ್ಕೊಂದು ದಿನ ಅದರ ಮುಖ ನೋಡದಿದ್ದರೆ ಅದು ಮುನಿಸಿಕೊಳ್ಳುತ್ತದೆ ಎಂದು ಹೇಳುತ್ತಿದ್ದಳು. ಹಾಗಾದರೆ ಈ ಕೋಣೆಯಲ್ಲಿ ಅನ್ನ ಕೊಡುವ ದೊಡ್ಡ ವಸ್ತು ಯಾವುದು? ಅನು ಬೀರು ತೆಗೆದು, ಕಣ್ಣು ಮುಚ್ಚಿ, ಜಾಕೆಟ್ಟಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬೊಟ್ಟಿಟ್ಟಳು.

ಹೊದಿಕೆಯ ಮೇಲೆ ಎಂದುಕೊಂಡಿದ್ದಳು. ಅಂದು ಬೆಳಿಗ್ಗೆ ಜೇಬಿನ ಅಳತೆ ನೋಡಲು ಮಾಸ್ಟ್ರು ಹೊದಿಕೆಯ ಮುಂಭಾಗವನ್ನು ಸರಿಸಿ, ಮಂಗಳಾರತಿಗೆ ಕರೆದರೆಂದು ಹಾಗೇ ಬಿಟ್ಟು ಹೋಗಿದ್ದರು. ಕಣ್ಣು ಮುಚ್ಚಿದವಳಿಗೆ ಅದೆಲ್ಲಿ ಕಾಣಬೇಕು.

ಈಗ ಅವಳಿಗೆ ಒಂದೇ ಯೋಚನೆ, ಮಾಸ್ಟ್ರು ಬರುವುದರೊಳಗೆ ಇದು ಹೋಗಬೇಕು. ಜಾಕೆಟ್ಟನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಚ್ಚಲಿಗೆ ಓಡಿದಳು. ಮುದ್ರೆಯ ಚೀಟಿ ನೆನೆಯದಂತೆ ಕೊರಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎದೆಯ ಭಾಗವನ್ನಷ್ಟೇ ನಲ್ಲಿಗೆ ಹಿಡಿದು, ಅಲ್ಲಿದ್ದ ಡಬ್ಬದಿಂದ ಒಂದು ಹಿಡಿ ಬಟ್ಟೆ ಪುಡಿ ತೆಗೆದು ಉಜ್ಜಿದಳು.

ಹಳದಿ ರಕ್ತಗೆಂಪಾಯಿತು. ಉಜ್ಜಿದಷ್ಟೂ ಹರಡಿತು. ಎದೆಗೆ ಗುಂಡು ಬಿದ್ದವನ ಅಂಗಿಯ ಹಾಗೆ ಕಾಣತೊಡಗಿತು.

“ಅಯ್ಯೋ ನಿನ್ ಕೈ ಸೇದೋಗ. ಯಾರಾದ್ರೂ ಅರಿಶ್ಣಕ್ಕೆ ಸೋಪಾಕ್ತಾರೇನೇ?”

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದವಳು ಮುದ್ದಮ್ಮ, ಕಾರ್ಖಾನೆ ಗುಡಿಸುವವಳು. ಅನು ಹಲ್ಲಿನಲ್ಲಿ ಕೊರಳು ಕಚ್ಚಿಕೊಂಡೇ ಅಳುತ್ತಿದ್ದಳು.

“ಬುಡು, ಅಳ್ಬೇಡ. ಅದ್ರ ಬಾಯಿಂದ ತಗಿ ಮೊದ್ಲು, ನಾಯಿ ಮರಿ ಕಚ್ಕಂಡಂಗೆ ಕಚ್ಕಂಡಿದ್ದೀಯ. ನೀರಲ್ಲಿ ಆ ಪುಡಿ ಎಲ್ಲ ಓಗಂಗೆ ಜಾಲಾಡು. ನಿಂಬೆಣ್ಣು ತತ್ತೀನಿ.”

“ನಿಂಬೆಹಣ್ಣು ಎಲ್ಲಿಂದ ತರ್ತೀಯ ಮುದ್ದಕ್ಕಾ?”

“ಮಿಷಿನ್ಗೆ ಕಟ್ಟಿರವು ನಲವತ್ತವೆ. ಒಂದ್ ಕಿತ್ಕಂಡ್ರೆ ಚಾಮುಂಡವ್ವ ಏನ್ ಪೋಲೀಸ್ನೋರ್ಗೆ ಯೋಳ್ತಾಳಾ?”

ನಿಂಬೆರಸ ಬಿದ್ದದ್ದೇ ಕೆಂಪು ಇಳಿದು ಮತ್ತೆ ಹಳದಿಯಾಯಿತು. ಇನ್ನು ಉಳಿದದ್ದು ಬಿಸಿಲಿನ ಕೆಲಸ. ಅರಿಶಿನದ ಕಲೆಯನ್ನು ಬಿಸಿಲು ತಿನ್ನುತ್ತದೆಂದು ಇಬ್ಬರಿಗೂ ಗೊತ್ತು. ಹಿಂದಿನ ಮೆಟ್ಟಿಲು ಹತ್ತಿ ತಾರಸಿಗೆ ಹೋದರು. ಬೊಟ್ಟಿದ್ದ ಜಾಗವೊಂದನ್ನು ಬಿಟ್ಟು ಉಳಿದ ಬಟ್ಟೆಯ ಬಣ್ಣ ಕಂದದಂತೆ ಮುದ್ದಮ್ಮ ತನ್ನ ಸೆರಗು ಹರಡಿದಳು. ಆಕಾಶದ ತುಂಬ ಮೋಡವಿತ್ತು.

ಅನು ತಾರಸಿಯ ಮೇಲೆ ಮಂಡಿಯೂರಿ ಕೂತಳು. ಹುಟ್ಟಿದಂದಿನಿಂದ ಅವಳು ಬಿಸಿಲನ್ನು ಬೇಡಿದ್ದಿಲ್ಲ. ಈಗ ಬೇಡಿದಳು. ಒಂದು ಮೋಡ ಸರಿದರೆ ಇನ್ನೊಂದು ಬರುತ್ತಿತ್ತು. ಕೆಳಗೆ ಎಂಟೂವರೆಯ ಗಂಟೆ ಹೊಡೆದು ಮಿಷಿನ್ನುಗಳು ಶುರುವಾದವು, ಕಾಲಡಿಯ ಸಿಮೆಂಟು ಸಣ್ಣಗೆ ನಡುಗಿತು.

ಈ ಜಾಕೆಟ್ಟಿನ ಕಥೆಯನ್ನು ಮಾಸ್ಟ್ರು ಅವಳಿಗೆ ಒಂದೂವರೆ ವರ್ಷದಿಂದ ಬಿಡಿಸಿ ಬಿಡಿಸಿ ಹೇಳಿದ್ದರು. ಹಿಂದೆ ಒಂದು ಕಾಲವಿತ್ತಂತೆ, ಸಿಪಾಯಿಗಳು ಕೆಂಪು ಕೋಟು ಹಾಕಿಕೊಂಡು, ಕಾಣಿಸಲಿ ಎಂದೇ ಯುದ್ಧಕ್ಕೆ ಹೋಗುತ್ತಿದ್ದರಂತೆ. ದೂರದಿಂದ ಗುರಿಯಿಡುವ ಬಂದೂಕು ಬಂದ ಮೇಲೆ ಕಾಣುವವನೇ ಸಾಯುವವನಾದ. ಈ ದೇಶದ ಧೂಳಿನಲ್ಲಿ ಓಡಾಡುವ ಪಲ್ಟನ್ನಿನವರು ಬಿಳಿ ಬಟ್ಟೆಯನ್ನು ಮಣ್ಣಿನಲ್ಲಿ, ಟೀ ಸೊಪ್ಪಿನಲ್ಲಿ ಅದ್ದಿ ಉಟ್ಟರು. ಖಾಕ್ ಎಂದರೆ ಧೂಳು, ಖಾಕಿ ಎಂದರೆ ಧೂಳಿನದು. ಆಮೇಲೆ ದೊಡ್ಡ ಯುದ್ಧ ಬಂದಾಗ ಪರದೇಶದ ದೊರೆಗಳು ಚಿತ್ರ ಬರೆಯುವವರನ್ನು ಕರೆಸಿ, ಫಿರಂಗಿ ಕಾಣದ ಹಾಗೆ ಬಣ್ಣ ಬಳಿಸಿದರು. ಆ ಬಣ್ಣ ಫಿರಂಗಿಯಿಂದ ಡೇರೆಗೆ, ಡೇರೆಯಿಂದ ಮನುಷ್ಯನ ಮೈಗೆ ಬಂತು. ಮಾಸ್ಟ್ರು ಕೆಲಸಕ್ಕೆ ಸೇರಿದ ಕಾಲದಲ್ಲಿ ಬರಿಯ ಹಸಿರು. ಆಮೇಲೆ ಕುಂಚದಲ್ಲಿ ಎಳೆದಂಥ ಪಟ್ಟೆ. ಈಗ ಈ ಚೌಕದ ಚುಕ್ಕಿ.

“ಅಂಗಿ ಹೊಲಿಯೋನು ಗೆರೆಗೆ ಗೆರೆ ಸೇರಿಸ್ತಾನೆ,” ಎನ್ನುತ್ತಿದ್ದರು. “ಇಲ್ಲಿ ಸೇರಿಸ್ಬಾರದು ಕಣಮ್ಮ. ಭುಜದ ಹೊಲಿಗೇಲಿ ಬಣ್ಣಕ್ಕೆ ಬಣ್ಣ ಸೇರಿದ್ರೆ, ನೋಡೋನ ಕಣ್ಣು ಅದರ ಮೇಲೇ ಜಾರ್ಕೊಂಡು ಹೋಗಿ ಇದು ಭುಜ ಅಂತ ಕಂಡ್ಹಿಡೀತದೆ. ಮನುಷ್ಯನ್ನ ಮುರಿದು ಚೆಲ್ಬೇಕು.” ಬಲ ಎದೆಯ ಜೇಬು ಓರೆಯಾಗಿರುವುದು ಬೋರಲು ಮಲಗಿದಾಗ ಕೈ ಹೋಗಲೆಂದು. ಗುಂಡಿಗಳು ಪಟ್ಟಿಯ ಹಿಂದೆ ಅಡಗಿರುವುದು ಮಿಂಚದಿರಲೆಂದು, ಬಳ್ಳಿಗೆ ಸಿಕ್ಕದಿರಲೆಂದು. ಬೆನ್ನಿನ ಎರಡು ನಿರಿಗೆ ಬಂದೂಕು ಎತ್ತಿದಾಗ ಬಟ್ಟೆ ಹಿಡಿಯದಿರಲೆಂದು.

ಅನುವಿಗೆ ಅದನ್ನು ಕೇಳಿದಾಗಲೆಲ್ಲ ಅಜ್ಜಿಯ ಕಥೆಯೊಂದು ಅದರೊಳಗೆ ಬೆರೆತುಹೋಗುತ್ತಿತ್ತು. ರಾಕ್ಷಸನಿಗೆ ಹೆದರಿದ ಹುಡುಗಿಯೊಬ್ಬಳು ಕಾಡಿನ ಒಂದೊಂದು ಮರದ ಹತ್ತಿರವೂ ಒಂದೊಂದು ಎಲೆ ಬೇಡಿ, ಹೊಲಿದು, ಹೊದ್ದುಕೊಂಡಳಂತೆ. ರಾಕ್ಷಸನಿಗೆ ಅವಳು ಕಾಣಲಿಲ್ಲ. ಹುಡುಕಿಕೊಂಡು ಬಂದ ತಾಯಿಗೂ ಕಾಣಲಿಲ್ಲ. ಆಮೇಲೇನಾಯಿತು ಎಂದರೆ ಅಜ್ಜಿ, “ಅವ್ಳು ಇನ್ನೂ ಅಲ್ಲೇ ನಿಂತವ್ಳೆ, ಮಲಿಕೊ,” ಎಂದುಬಿಡುತ್ತಿದ್ದಳು.

ಒಂಬತ್ತರ ಹೊತ್ತಿಗೆ ಮೋಡ ಒಡೆಯಿತು. ಮುಕ್ಕಾಲು ಗಂಟೆ ಬಿಸಿಲು ಸುಟ್ಟಿತು. ಬೊಟ್ಟು ಹಳದಿಯಿಂದ ಕೆನೆಗೆ, ಕೆನೆಯಿಂದ ಏನೂ ಇಲ್ಲದ್ದಕ್ಕೆ ಇಳಿಯಿತು. ಅನು ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಎಲೆ ಎಲೆಯಾಗಿತ್ತು, ಮಣ್ಣು ಮಣ್ಣಾಗಿತ್ತು. ಮುದ್ದಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ಯಾರ್ಗೂ ಯೋಳ್ಬೇಡ್ವಾ?” ಎಂದಳು ಮುದ್ದಮ್ಮ.

“ಬೇಡ ಮುದ್ದಕ್ಕಾ. ದಮ್ಮಯ್ಯ.”

ಕೋಣೆಗೆ ಬಂದು, ಹೊದಿಕೆ ಹಾಕುವ ಮುಂಚೆ, ಯಾಕೋ ಸಮಾಧಾನಕ್ಕೆಂದು ಅವಳು ಜಾಕೆಟ್ಟನ್ನು ಬೆಳಕಿನ ಪೆಟ್ಟಿಗೆಯೊಳಗಿಟ್ಟಳು. ಬಣ್ಣ ಹೋಲಿಸುವ ಆ ಪೆಟ್ಟಿಗೆಗೆ ನಾಲ್ಕು ಸ್ವಿಚ್ಚು. ಹಗಲಿನ ಬೆಳಕಿನಲ್ಲಿ ಏನೂ ಇರಲಿಲ್ಲ. ಟ್ಯೂಬಿನ ಬೆಳಕಿನಲ್ಲಿ ಇಲ್ಲ, ಹಳೆಯ ಬಲ್ಬಿನ ಬೆಳಕಿನಲ್ಲೂ ಇಲ್ಲ. ನಾಲ್ಕನೆಯದು ನೇರಳೆ ದೀಪ. ಅದನ್ನು ಒತ್ತಿದಳು.

ಜಾಕೆಟ್ಟೆಲ್ಲ ಕತ್ತಲಾಗಿ, ಎಡ ಎದೆಯ ಮೇಲೆ ಅಂಗೈಯಗಲದ ಒಂದು ಜಾಗ ತಿಂಗಳ ಬೆಳಕಿನಂತೆ ನೀಲಿಯಾಗಿ ಹೊಳೆಯಿತು. ಸರಿಯಾಗಿ ಗುಂಡಿಗೆಯ ಮೇಲೆ.

ಆಗ ಅವಳಿಗೆ ನೆನಪಾಯಿತು. ಮಾಸ್ಟ್ರು ಮೊದಲ ದಿನವೇ ಹೇಳಿದ ಪಾಠ. ಬಟ್ಟೆ ಬೆಳ್ಳಗೆ ಕಾಣಲೆಂದು ಪುಡಿಯಲ್ಲಿ ಒಂದು ಹೊಳಪಿನ ಮದ್ದು ಸೇರಿಸಿರುತ್ತಾರೆ, ಎಷ್ಟು ಜಾಲಾಡಿದರೂ ಅದು ನೂಲು ಬಿಟ್ಟು ಹೋಗುವುದಿಲ್ಲ. ರಾತ್ರಿ ನೋಡುವ ದುರ್ಬೀನಿನಲ್ಲಿ ಈ ಬಟ್ಟೆ ಕಾಡಿನಷ್ಟೇ ಮಂಕಾಗಿ ಕಾಣುವಂತೆ ಬಣ್ಣ ಹಾಕಿರುತ್ತಾರೆ. ಆ ಪುಡಿ ಒಂದು ಸಲ ತಾಗಿದರೆ ಕಾಡೆಲ್ಲ ಒಂದು ಬಣ್ಣ, ಅವನೊಬ್ಬ ಒಂದು ಬಣ್ಣ. ಇದನ್ನು ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದವಳೂ ಅವಳೇ.

ಗಂಟೆ ಹತ್ತಾಗುತ್ತ ಬಂದಿತ್ತು.

ಕಪಾಟಿನಲ್ಲಿ ಇನ್ನೊಂದು ಜಾಕೆಟ್ಟಿತ್ತು. ಮಾದರಿ ನೋಡಿ ಮಾಸ್ಟ್ರೇ ಹೊಲಿದದ್ದು, ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ತಿಳಿಯದಷ್ಟು ಒಂದೇ ತರ. ಬೇಕಾದದ್ದು ಆ ದಾರ, ಆ ಚೀಟಿ, ಆ ಅರಗು. ಈ ಕಾಜಾದಿಂದ ಬಿಡಿಸಿ ಆ ಕಾಜಾಕ್ಕೆ ಕಟ್ಟಿದರೆ ಮುಗಿಯಿತು. ಕಾಜಾದಿಂದ ಕೊರಳ ಅಂಚಿನವರೆಗೆ ಸೀಳಿದರೆ ಗಂಟು ಮುಟ್ಟದೆಯೇ ದಾರ ಹೊರಗೆ ಬರುತ್ತದೆ, ಆ ಜಾಕೆಟ್ಟಿನಲ್ಲೂ ಹಾಗೇ ಸೀಳಿ ದಾರ ತೂರಿಸಿ ಕಾಣದಂತೆ ಹೊಲಿದುಬಿಡಬಹುದು. ಅನು ನೂಲು ಕತ್ತರಿಸುವ ಸಣ್ಣ ಕತ್ತರಿ ತೆಗೆದುಕೊಂಡಳು. ಅದರ ಬಾಯಿ ತೆರೆದು ಕೊರಳ ಅಂಚಿಗೆ ಹಿಡಿದಳು.

“ಕತ್ತರಿ ಕೆಳಗಿಡಮ್ಮ.”

ಮಾಸ್ಟ್ರು ಬಾಗಿಲಲ್ಲಿ ನಿಂತಿದ್ದರು. ವಿಜಯದಶಮಿಯ ಮೆರವಣಿಗೆಯ ಕಸ ಇನ್ನೂ ಗುಡಿಸುತ್ತಿದ್ದರು, ನಜರ್‌ಬಾದಿನಿಂದ ಬಸ್ಸು ಊರೆಲ್ಲ ಸುತ್ತಿಕೊಂಡು ಬಂದು ಅವರಿಗೆ ತಡವಾಗಿತ್ತು. ಒಳಗೆ ಬಂದು ಪೆಟ್ಟಿಗೆಯ ನೇರಳೆ ಬೆಳಕಿನೊಳಗೆ ಬಗ್ಗಿ ನೋಡಿದರು. ಅನು ಬಿಕ್ಕುತ್ತ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಹೊದಿಕೆ ತೆಗೆದು ಬಿಟ್ಟು ಹೋದವನು ನಾನು,” ಎಂದರು ಕೊನೆಗೆ.

ಅಷ್ಟರಲ್ಲಿ ಮ್ಯಾನೇಜರ್ ಸಂಜಯ್ ಬಂದ. ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತು ಎರಡು ಸುತ್ತು ತಿರುಗಿದ. ಆಮೇಲೆ ಅವನ ಮುಖ ಬೆಳಗಿತು.

“ಆ ನಾಲ್ಕನೇ ದೀಪದ ಬಲ್ಬ್ ತೆಗೆದುಬಿಡಿ ಮಾಸ್ಟ್ರೇ. ಹಬ್ಬದಲ್ಲಿ ಹೋಯ್ತು, ಇನ್ನೂ ಅಂಗಡಿ ತೆಗ್ದಿಲ್ಲ ಅನ್ನೋಣ. ಇವತ್ತೊಂದಿನ ದಾಟಿದ್ರೆ ಸಾಕು.”

“ದಾಟಿದ ಮೇಲೆ?”

“ಮೇಲೆ ಏನು? ಮಾದರಿ ಯಾರು ಹಾಕ್ಕೊಂಡು ಗಡಿಗೆ ಹೋಗ್ತಾರೆ? ಇದು ಬೀರುನಲ್ಲಿರೋ ಬಟ್ಟೆ.”

“ಸಂಜಯಪ್ಪ, ಥಾನು ಬಂದಾಗ ಚೂರು ಕತ್ತರಿಸಿ ಇದರ ಮೇಲೆ ಎಲ್ಲಿಟ್ಟು ನೋಡ್ತೀವಿ? ಎಡ ಎದೆ ಮೇಲೆ. ಸಪಾಟಾಗಿರೋದು ಅದೊಂದೇ ಜಾಗ. ಇನ್ಮೇಲೆ ನೇರಳೆ ದೀಪದಲ್ಲಿ ಹೊಳೆಯೋ ಬಟ್ಟೆ ಬಂದ್ರೆ, ಸರಿಯಾಗಿದೆ, ಹೋಲ್ತದೆ ಅಂತ ಬುಡ್ತೀವಿ. ಅದನ್ನ ಹಾಕ್ಕೊಂಡೋನು ಬೀರುನಲ್ಲಿರಲ್ಲ.”

ಕಿಟಕಿಯಾಚೆ ಜೀಪು ಬಂದು ನಿಂತ ಸದ್ದಾಯಿತು. ತಪಾಸಣೆಯವರು ಅರ್ಧ ಗಂಟೆ ಮೊದಲೇ ಬಂದಿದ್ದರು. ಅವರನ್ನು ಕಾಫಿಗೆ ಕೂರಿಸಲೆಂದು ಸಂಜಯ್ ಓಡಿದ.

ಮಾಸ್ಟ್ರು ಕಟಿಂಗ್ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟರು. “ಬರಿ. ನನ್ನ ಅಕ್ಷರ ಅವರಿಗೆ ಓದಕ್ಕಾಗಲ್ಲ. ‘ನನ್ನ ವಶದಲ್ಲಿದ್ದ ಮಾದರಿಗೆ ಆಯುಧಪೂಜೆಯ ದಿನ ನಾನೇ ಅರಿಶಿನ ಕುಂಕುಮ ಹಚ್ಚಿ, ಬಳಿಕ ತಿಳಿಯದೆ ಪುಡಿ ಹಾಕಿ ತೊಳೆದಿರುತ್ತೇನೆ.’ ಅಷ್ಟೇ.”

“ಮಾಸ್ಟ್ರೇ.”

“ನಂಗಿನ್ನು ಮೂರು ತಿಂಗಳು. ನಿಂಗೆ ಮೂವತ್ತು ವರ್ಷ ಐತೆ. ಇಷ್ಟು ಕಲ್ತಿದ್ದೀಯ, ಇದನ್ನ ಮುಟ್ಟಬಾರದು ಅಂದ್ರೆ ಏನ್ ಮಾಡ್ತೀಯ, ಲಂಗ ದಾವಣಿ ಹೊಲೀತೀಯ? ಬರಿ ಸುಮ್ನೆ.”

ಅನು ಬರೆಯತೊಡಗಿದಳು. ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಅವರ ಬೆನ್ನು ಕಾಣುತ್ತಿತ್ತು. ಮೂವತ್ತೆಂಟು ವರ್ಷ ಮೇಜಿನ ಮೇಲೆ ಬಾಗಿ ಬಾಗಿ ಒಂದು ಭುಜ ಇನ್ನೊಂದಕ್ಕಿಂತ ತಗ್ಗಾಗಿತ್ತು. ಈ ಹೆಸರನ್ನು ವರದಿಯಲ್ಲಿ ಬರೆಯುತ್ತಾರೆ. ತಪ್ಪು ಮಾಡಿದವರ ಪಟ್ಟಿಯಲ್ಲಿ ಚಿಕ್ಕಬಸವಯ್ಯ ಎಂದು ಇರುತ್ತದೆ, ಅವರು ಸತ್ತ ಮೇಲೂ ಇರುತ್ತದೆ. ಅವಳ ಲೇಖನಿ ನಿಂತಿತು. ಆಮೇಲೆ ಬೇಗಬೇಗ ಓಡಿತು.

ಬರೆದದ್ದು ಹೀಗಿತ್ತು: ‘ನನ್ನ ವಶದಲ್ಲಿದ್ದ ಮಾದರಿಗೆ ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿದವಳೂ, ಇಂದು ಬೆಳಿಗ್ಗೆ ಯಾರಿಗೂ ತಿಳಿಸದೆ ಪುಡಿ ಹಾಕಿ ತೊಳೆದವಳೂ ನನ್ನ ಕೈಕೆಳಗೆ ಕೆಲಸ ಮಾಡುವ ಅನು. ನಾನು ಬಂದು ನೋಡಿದ ಕೂಡಲೇ ಇದನ್ನು ತಪಾಸಣೆಗೆ ತಿಳಿಸುತ್ತಿದ್ದೇನೆ.’ ಒಂದಕ್ಷರವೂ ಸುಳ್ಳಿರಲಿಲ್ಲ.

“ಓದ್ತೀರಾ?” ಎಂದಳು.

“ನೀನು ಬರೆದಿದ್ದನ್ನ ನಾನೇನು ಓದೋದು,” ಎಂದು ಅವರು ಸಹಿ ಹಾಕಿದರು.

ತಪಾಸಣೆಯ ಯೋಗೇಂದ್ರ ಹುಣಸೂರಿನ ಕಡೆಯವರು, ಮಾತು ಕಡಿಮೆ. ಮಾಸ್ಟ್ರು ಕೊಟ್ಟ ಹಾಳೆಯನ್ನು ನಿಂತೇ ಓದಿದರು. ನೇರಳೆ ದೀಪ ಹಾಕಿ ನೋಡಿದರು, ಆರಿಸಿದರು. ಮತ್ತೊಮ್ಮೆ ಓದಿದರು.

“ಅನು ಅಂದ್ರೆ ಯಾರು?”

“ನಾನು ಸರ್.”

“ಇದರಲ್ಲಿರೋದು ನಿಜಾನಾ?”

“ನಿಜ ಸರ್.”

ಮಾಸ್ಟ್ರು ಗಾಬರಿಯಿಂದ ಕೈ ಚಾಚಿದರು. “ಅವಳ ಹೆಸರು ಯಾಕೆ ಬಂತು ಸರ್? ಕೊಡಿ ಇಲ್ಲಿ.” ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ತುಟಿ ಅಲುಗಿಸುತ್ತ ಓದಿದರು. ಓದಿ ಮುಗಿದ ಮೇಲೂ ತುಟಿ ಅಲುಗುತ್ತಿತ್ತು.

“ಇದು ನಾನು ಹೇಳಿದ್ದಲ್ಲ.”

“ಸಹಿ ನಿಮ್ದೇ ಅಲ್ವಾ ಯಜಮಾನ್ರೇ?”

“ಸಹಿ ನನ್ದೇ.”

“ನಡೆದಿದ್ದು ಇದೇ ಅಲ್ವಾ?”

ಮಾಸ್ಟ್ರು ಹಾಳೆಯನ್ನು ವಾಪಸು ಕೊಟ್ಟರು. ಯೋಗೇಂದ್ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮಾದರಿಯನ್ನು ಬೇರೆ ಚೀಲಕ್ಕೆ ಹಾಕಿ, ತಮ್ಮದೇ ಅರಗು ಕರಗಿಸಿ ಮುದ್ರೆ ಒತ್ತಿದರು. ಹೊಸ ಮಾದರಿ ಬರುವವರೆಗೆ ಎರಡನೆಯ ಸಾಲು ಶಾಲೆಯ ಅಂಗಿ ಹೊಲಿಯಲಿ, ಬಂದಮೇಲೆ ಇದೇ ಮಾಸ್ಟ್ರ ಕೈಕೆಳಗೆ ಮತ್ತೆ ಶುರುಮಾಡಲಿ ಎಂದರು. “ಈ ಹುಡುಗಿ ಮಾತ್ರ ಇನ್ನು ಈ ಬಟ್ಟೆ ಮುಟ್ಟೋ ಹಾಗಿಲ್ಲ,” ಎಂದು ಸಂಜಯನಿಗೆ ಹೇಳಿ ಜೀಪು ಹತ್ತಿದರು. ಸಂಜಯ್ ಅನುವಿನ ಮುಖ ನೋಡದೆ, ಲೆಕ್ಕ ಚುಕ್ತಾ ಮಾಡಿಸ್ತೀನಿ, ಇವತ್ತು ಮನೆಗೆ ಹೋಗಿ ಎಂದ.

ಅವಳಿಗೆ ಅಳು ಬರಲಿಲ್ಲ. ಎದೆಯೊಳಗೆ ಒಂದು ಕಡೆ, ಉಳಿಸಿದೆ, ಅವರ ಹೆಸರು ಉಳಿಯಿತು ಎಂಬ ಒಂದು ಎಳೆ ಮಿಡಿಯುತ್ತಿತ್ತು. ಅದನ್ನೇ ಹಿಡಿದುಕೊಂಡು ಚೀಲ ತೆಗೆದುಕೊಳ್ಳಲು ಎರಡನೆಯ ಸಾಲಿನ ನಡುವೆ ನಡೆದಳು. ಮಿಷಿನ್ನುಗಳು ನಿಂತಿದ್ದವು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

“ಮಾಸ್ಟ್ರೇ ಬರ್ಕೊಟ್ರಂತೆ ಕಣೆ. ಸಹಿ ಹಾಕಿ.”

“ಮಗಳಂಗೆ ನೋಡ್ಕೋತೀನಿ ಅಂತಿದ್ರು.”

“ಡಿಸೆಂಬರ್ಗೆ ಶಾಲು ಹೊದಿಸ್ಕೋಬೇಕಲ್ಲ, ಕೆಟ್ಟೆಸ್ರು ಬಂದ್ಬುಟ್ರೆ?”

ಅನು ನಿಂತಳು. “ಅವರು ಬರೆದಿದ್ದಲ್ಲ ಕಣ್ರೇ. ಬರೆದೋಳು ನಾನು. ಅವರು ತಾನೇ ಮಾಡಿದ್ದು ಅಂತ ಬರಿ ಅಂದ್ರು. ನಾನೇ ಬದಲಾಯಿಸ್ದೆ. ಓದ್ದೇ ಸಹಿ ಹಾಕಿದ್ರು.”

ಕಾಲರ್ ಹೊಲಿಯುವ ಬಸವಮ್ಮ ಎದ್ದು ಬಂದು ಅವಳ ಕೆನ್ನೆ ಸವರಿದಳು. “ಗೊತ್ತು ಬುಡವ್ವ. ಇಂಥ ಟೈಮಲ್ಲೂ ಅವರನ್ನ ಬುಟ್ಕೊಡ್ತಿಲ್ವಲ್ಲ. ನಿನ್ ಹೊಟ್ಟೆ ತಣ್ಣಗಿರ್ಲಿ.”

“ಇಲ್ಲ ಬಸವಕ್ಕ, ನಿಜವಾಗ್ಲೂ. ಮುದ್ದಕ್ಕನ್ನ ಕೇಳಿ, ತೊಳೆದಿದ್ದು ನಾನೇ.”

“ತೊಳೆದಿದ್ದು ನೀನೇ ಕಣವ್ವ, ಯಾರಿಲ್ಲ ಅಂದ್ರು? ಹುಡುಗಿ ಏನೋ ಮಾಡ್ಬುಟ್ಲು, ಹಿರೇರು ಮುಚ್ಕಬೇಕಿತ್ತು. ಕಾಗದದಲ್ಲಿ ಎಸ್ರು ಬರ್ಕೊಡೋದಾ?”

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೂವತ್ತೆರಡು ಜನರೂ ಅವಳನ್ನು ಮರುಕದಿಂದ ನೋಡುತ್ತಿದ್ದರು. ಅವಳು ಹೇಳಿದಷ್ಟೂ ಆ ಮರುಕ ಹೆಚ್ಚಾಗುತ್ತಿತ್ತು. ಹನ್ನೊಂದೂವರೆಗೆ ಟೀ ಬಂತು. ದಿನಾ ಮೊದಲ ಲೋಟವನ್ನು ಯಾರಾದರೊಬ್ಬರು ಮಾಸ್ಟ್ರ ಮೇಜಿಗೆ ಒಯ್ಯುತ್ತಿದ್ದರು, ಒಯ್ಯಲು ಜಗಳವೇ ಆಗುತ್ತಿತ್ತು. ಇಂದು ಯಾರೂ ಏಳಲಿಲ್ಲ. ಎಲ್ಲರೂ ತಮ್ಮ ತಮ್ಮ ಲೋಟ ಹಿಡಿದು, ಆ ಕಡೆ ಬೆನ್ನು ಹಾಕಿ ಕೂತರು.

ಅನು ಒಂದು ಲೋಟ ತುಂಬಿಸಿಕೊಂಡು ಕಟಿಂಗ್ ಮೇಜಿನ ಹತ್ತಿರ ಹೋದಳು. ಮಾಸ್ಟ್ರು ಶಾಲೆಯ ಅಂಗಿಯ ನೀಲಿ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಎಳೆದ ಗೆರೆಯ ಮೇಲೇ ಮತ್ತೆ ಎಳೆಯುತ್ತಿದ್ದರು. ಲೋಟವನ್ನು ಬಟ್ಟೆಗೆ ತಾಗದಂತೆ ಮೇಜಿನ ಅಂಚಿನಲ್ಲಿಟ್ಟಳು.

“ಅವರಿಗೆ ನೀವು ಹೇಳಿ ಮಾಸ್ಟ್ರೇ. ನಾನು ಹೇಳಿದ್ರೆ ನಂಬ್ತಿಲ್ಲ.”

“ನಾನು ಏನಂತ ಹೇಳ್ಲಿ? ಹುಡುಗಿ ನಂಗೆ ಮೋಸ ಮಾಡ್ದಳು ಅಂತ್ಲಾ?” ಅವರು ತಲೆಯೆತ್ತಲಿಲ್ಲ. “ನಿನ್ ಕತ್ತಿನ ಮೇಲೆ ನನ್ ಕೈಲೇ ಕತ್ತರಿ ಇಡಿಸ್ಬುಟ್ಟೆ. ಹೋಗಮ್ಮ.”

ಅನು ಹೋಗಲಿಲ್ಲ. ಮೇಜಿನ ಈಚೆ ಬದಿಯಲ್ಲಿ ಕೈಕಟ್ಟಿಕೊಂಡು ನಿಂತಳು. ಹಿಂದಿನಿಂದ ಒಂದು ಮಿಷಿನ್ನು ಶುರುವಾಯಿತು, ಆಮೇಲೆ ಇನ್ನೊಂದು, ಆಮೇಲೆ ಇಡೀ ಸಾಲು. ಮೇಜು ಸಣ್ಣಗೆ ಅದುರಿ ಲೋಟದೊಳಗಿನ ಟೀ ಅಲುಗತೊಡಗಿತು. ಅವರು ಅದನ್ನು ಕುಡಿಯುವವರೆಗೆ ನಿಂತೇ ಇರುತ್ತೇನೆಂದು ಅವಳು ನಿಂತಿದ್ದಳು. ಟೀಯ ಮೇಲೆ ಕೆನೆ ಕಟ್ಟುತ್ತ ಬಂತು.